ಹೆಬ್ಬೆರಳು ಒತ್ತಿದ ಮಾತ್ರಕ್ಕೆ ಪಾಠವಾಗುವುದಿಲ್ಲ

ಪ್ರಶ್ನೆ: ಮೇಡಂ, ನಾನು ಮಂಡ್ಯ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಪ್ರಭಾರ ಪ್ರಾಂಶುಪಾಲ. ಬಯೋಮೆಟ್ರಿಕ್ ಹಾಜರಾತಿ ಬಂದ ಮೇಲೆ ಎಲ್ಲರೂ ಹೊತ್ತಿಗೆ ಸರಿಯಾಗಿ ಬರುತ್ತಿದ್ದಾರೆ. ಪಾಠ ಮಾತ್ರ ಮೊದಲಿನಷ್ಟೇ ನೀರಸ. ವಿದ್ಯಾರ್ಥಿಗಳ ಅಭಿಪ್ರಾಯ ಪತ್ರದಲ್ಲಿ ಇಬ್ಬರು ಅತಿಥಿ ಉಪನ್ಯಾಸಕರಿಗೆ ತೀರಾ ಕಡಿಮೆ ಅಂಕ ಬಂದಿದೆ. ನೋಟಿಸ್ ಕೊಡಬಹುದೇ?
– ಹೆಸರು ಬೇಡ, ಮಂಡ್ಯ ಜಿಲ್ಲೆ

ಉತ್ತರ: ನೋಟಿಸ್ ಇರಲಿ, ಮೊದಲು ವೇಳಾಪಟ್ಟಿ ತೆಗೆದು ಆ ಇಬ್ಬರಿಗೆ ಯಾವ ಅವಧಿಗಳು ಬಿದ್ದಿವೆ ನೋಡಿ. ಕಾಯಂ ಅಧ್ಯಾಪಕರು ತಮಗೆ ಬೇಕಾದ ಅವಧಿಗಳನ್ನು ಹಂಚಿಕೊಂಡ ಮೇಲೆ ಉಳಿದದ್ದು ಅತಿಥಿಗಳಿಗೆ ಎಂಬುದು ನಮ್ಮ ಕಾಲೇಜುಗಳ ಅಲಿಖಿತ ಕಾನೂನು. ಬೆಳಗ್ಗೆ ಒಂದು, ಮಧ್ಯಾಹ್ನ ಮೂರರ ಮೇಲೆ ಇನ್ನೊಂದು. ನಡುವೆ ಇಡೀ ದಿನ ಖಾಲಿ. ಮೂರೂವರೆಗೆ ಕೆರಗೋಡು, ಬಸರಾಳು ಕಡೆಯ ಮಕ್ಕಳು ಪುಸ್ತಕವನ್ನು ಚೀಲಕ್ಕೆ ತುರುಕಿ, ಬಸ್ಸಿನ ಸದ್ದಿಗೆ ಕಿವಿಗೊಟ್ಟು ಕುಳಿತಿರುತ್ತಾರೆ. ಆ ಹೊತ್ತಿನಲ್ಲಿ ಯಾರು ಪಾಠ ಮಾಡಿದರೂ ಅಂಕ ಕಡಿಮೆಯೇ. ಒಂದು ಸೆಮಿಸ್ಟರ್ ಅವಧಿಗಳನ್ನು ಅದಲುಬದಲು ಮಾಡಿ, ಆಮೇಲೆ ಅಭಿಪ್ರಾಯ ಪತ್ರ ಹಂಚಿ. ಹಿರಿಯರು ಮುಖ ಊದಿಸಿಕೊಳ್ಳುತ್ತಾರೆ. ಊದಿಸಿಕೊಳ್ಳಲಿ.

ಎರಡನೆಯದು ಕುರ್ಚಿ. ನಾನು ಕೆಲಸ ಮಾಡಿದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯರಿಬ್ಬರು ಗ್ರಂಥಾಲಯದ ಹಿಂದಿನ ಬೆಂಚಿನ ಮೇಲೆ ಊಟದ ಡಬ್ಬಿ ಬಿಚ್ಚುತ್ತಿದ್ದರು. ಉತ್ತರ ಪತ್ರಿಕೆಗಳ ಕಟ್ಟು ಸದಾ ಕಂಕುಳಲ್ಲೇ. ಅಧ್ಯಾಪಕರ ಕೊಠಡಿಯಲ್ಲಿ ಅವರಿಗೆ ಕುರ್ಚಿಯೂ ಇರಲಿಲ್ಲ, ಬೀಗ ಹಾಕುವ ಒಂದು ಖಾನೆಯೂ ಇರಲಿಲ್ಲ. ಸಂದೇಹ ಕೇಳಲು ಬಂದ ಹುಡುಗಿ ಅವರನ್ನು ಎಲ್ಲಿ ಹುಡುಕಬೇಕು? ಪಾಠ ಕಳೆಗಟ್ಟುವುದು ತರಗತಿ ಮುಗಿದ ಮೇಲಿನ ಅಂಥ ಹತ್ತು ನಿಮಿಷದ ಮಾತಿನಲ್ಲಿ. ಅದಕ್ಕೆ ಜಾಗವೇ ಕೊಡದೆ ಅಂಕ ಎಣಿಸಿದರೆ ಏನು ಬಂತು?

ಇನ್ನು ದುಡ್ಡು. 2022ರ ಜನವರಿಯಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಗೌರವಧನ 11–13 ಸಾವಿರದಿಂದ 26–32 ಸಾವಿರಕ್ಕೆ ಏರಿತು. ಜೊತೆಗೇ ಒಬ್ಬೊಬ್ಬರ ವಾರದ ಬೋಧನೆಯನ್ನು 15 ಗಂಟೆಗೆ ಹೆಚ್ಚಿಸಿದ್ದರಿಂದ ಅನೇಕರಿಗೆ ಕೆಲಸವೇ ಸಿಗದಂತಾಯಿತು. ಉಳಿದವರಿಗೂ ಬರುವ ವರ್ಷ ಇರುತ್ತೇವೋ ಇಲ್ಲವೋ ಎಂಬ ಚಿಂತೆ ತಪ್ಪಿಲ್ಲ. ಅದು ನಿಮ್ಮ ಕೈಯಲ್ಲಿಲ್ಲ, ಒಪ್ಪಿದೆ. ಆದರೆ ಗೌರವಧನದ ಬಿಲ್ಲು ನಿಮ್ಮ ಕಚೇರಿಯಿಂದ ಪ್ರತಿ ತಿಂಗಳು ಯಾವ ತಾರೀಖಿಗೆ ಹೊರಡುತ್ತದೆ ಎಂಬುದು ನಿಮ್ಮ ಕೈಯಲ್ಲೇ ಇದೆ. ಗುಮಾಸ್ತರನ್ನು ಕರೆದು ಕೇಳಿ.

ಅಮೆರಿಕದ ಮನೋವಿಜ್ಞಾನಿ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಅಲ್ಲಿನ ಪಿಟ್ಸ್‌ಬರ್ಗ್ ನಗರದ ಸುತ್ತಿನ ಸುಮಾರು 200 ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಮಾತನಾಡಿಸಿ 1959ರಲ್ಲಿ ಹೇಳಿದ್ದು ಇದನ್ನೇ: ಸಂಬಳ, ಮೇಲಧಿಕಾರಿಯ ನಡವಳಿಕೆ, ಕಚೇರಿಯ ನಿಯಮ, ಕೆಲಸದ ಜಾಗ ಇವು ಕೆಟ್ಟರೆ ಅಸಮಾಧಾನ ಹುಟ್ಟುತ್ತದೆ, ಸರಿಯಿದ್ದ ಮಾತ್ರಕ್ಕೆ ಹುರುಪು ಬರುವುದಿಲ್ಲ. ಹುರುಪು ಬರುವುದು ಕೆಲಸದ ಒಳಗಿನಿಂದ, ಅದನ್ನು ಯಾರಾದರೂ ಗುರುತಿಸಿದಾಗ, ನಂಬಿ ಹೊಣೆ ಒಪ್ಪಿಸಿದಾಗ. ಜನ ಗೆದ್ದದ್ದನ್ನು ತಮ್ಮ ಖಾತೆಗೂ ಸೋತದ್ದನ್ನು ಕಚೇರಿಯ ಖಾತೆಗೂ ಬರೆದುಕೊಳ್ಳುತ್ತಾರೆ ಎಂದು ಆ ಅಧ್ಯಯನವನ್ನು ಟೀಕಿಸಿದವರಿದ್ದಾರೆ. ಟೀಕೆ ಸುಳ್ಳಲ್ಲ. ಆದರೂ ನಿಮ್ಮ ಹಾಜರಾತಿ ಯಂತ್ರಕ್ಕೆ ಹರ್ಜ್‌ಬರ್ಗ್ ಮಾತು ಚೆನ್ನಾಗಿ ಒಪ್ಪುತ್ತದೆ: ಅದು ಮನುಷ್ಯನನ್ನು ಗೇಟಿನವರೆಗೆ ತರುತ್ತದೆ, ಕಪ್ಪುಹಲಗೆಯವರೆಗೆ ಅಲ್ಲ.

ಕಾಯಂ ಅಧ್ಯಾಪಕರ ಕಥೆ ಬೇರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಬೋಧನೆ. ಉಳಿದ ಹೊತ್ತನ್ನು ನಿಮ್ಮಲ್ಲಿ ಯಾವುದು ನುಂಗುತ್ತಿದೆ ನೋಡಿ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮೌಲ್ಯಮಾಪನದ ವರ್ಷ ಕಡತ ತುಂಬುವವರು ಸಾಮಾನ್ಯವಾಗಿ ಒಬ್ಬರೇ: ಕಂಪ್ಯೂಟರ್ ಬಲ್ಲವರು ಮತ್ತು ಆಗುವುದಿಲ್ಲ ಎನ್ನಲಾರದವರು. ಪ್ರವೇಶಾತಿ, ವಿದ್ಯಾರ್ಥಿವೇತನದ ಅರ್ಜಿ, ಚುನಾವಣಾ ಕೆಲಸ ಎಲ್ಲವೂ ಅವರ ತಲೆಗೇ. ಅವರ ಪಾಠ ಸೊರಗುತ್ತದೆ, ಕೈಕಟ್ಟಿ ಕುಳಿತವರಿಗೆ ಒಳ್ಳೆಯ ಹೆಸರು ಬರುತ್ತದೆ. ಸಮಿತಿಗಳ ಪಟ್ಟಿಯಲ್ಲಿ ಒಂದೇ ಹೆಸರು ಎಷ್ಟು ಕಡೆ ಇದೆ ಎಂದು ಕೆಂಪು ಶಾಯಿಯಲ್ಲಿ ಗುರುತು ಹಾಕಿ. ನಿಮಗೇ ನಾಚಿಕೆಯಾದೀತು.

ಆಮೇಲೆ ಒಂದು ದಿನ, ಮೊದಲೇ ತಿಳಿಸಿ, ಕಡಿಮೆ ಅಂಕ ಬಂದ ಆ ಇಬ್ಬರ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ಪಾಠ ಕೇಳಿ. ಚೆನ್ನಾಗಿದ್ದ ಒಂದು ಅಂಶವನ್ನು ಬಿಡಿಸಿ ಹೇಳಿ, ತಿದ್ದಿಕೊಳ್ಳಬೇಕಾದದ್ದನ್ನು ಬಾಗಿಲು ಮುಚ್ಚಿ ಹೇಳಿ. ಮೈಗಳ್ಳರು ಇಲ್ಲವೇ ಎಂದರೆ ಇದ್ದಾರೆ, ನಾನೂ ಕಂಡಿದ್ದೇನೆ. ಇಷ್ಟೆಲ್ಲ ಮಾಡಿದ ಮೇಲೂ ಬದಲಾಗದವರಿಗೆ ಧಾರಾಳವಾಗಿ ನೋಟಿಸ್ ಕೊಡಿ.

ಪ್ರಶ್ನೆ: ಹೂಟಗಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಂಪನಿಯ ಲೆಕ್ಕ ವಿಭಾಗದಲ್ಲಿದ್ದೇನೆ. ನಮ್ಮ ಮ್ಯಾನೇಜರ್ ಪ್ರತಿ ಸೋಮವಾರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಿಂದೆ ಬಿದ್ದವರ ಹೆಸರು ಹಾಕುತ್ತಾರೆ. ಇದರಿಂದ ಕೆಲಸ ಹೆಚ್ಚುತ್ತದೆಯೇ?
– ಓದುಗಿ, ಮೈಸೂರು

ಉತ್ತರ: ಕೆಲವು ವಾರ ಹೆಚ್ಚುತ್ತದೆ. ಆಮೇಲೆ ತಪ್ಪು ಮುಚ್ಚಿಡುವ ಕೆಲಸ ಹೆಚ್ಚುತ್ತದೆ. ಮ್ಯಾನೇಜರ್ ಹತ್ತಿರ ಮಾತನಾಡುವಾಗ ನಿಮ್ಮ ಮರ್ಯಾದೆಯ ವಿಷಯ ಎತ್ತಬೇಡಿ. ಈಗ ಯಾರೂ ಬಾಯಿ ಬಿಡದ ತಪ್ಪುಗಳು ಮಾರ್ಚ್ ಮುಗಿದ ಮೇಲೆ ಆಡಿಟರ್ ಎದುರು ಒಟ್ಟಿಗೆ ಹೊರಬೀಳುತ್ತವೆ, ಆಗ ಉತ್ತರ ಹೇಳಬೇಕಾದವರು ನೀವೇ ಸರ್, ಎನ್ನಿ. ಅವರಿಗೆ ಅದು ಬೇಗ ಅರ್ಥವಾಗುತ್ತದೆ.