ಎಲೆಕ್ಟ್ರಿಕ್ ಸೈಕಲ್‌ನ ಡಿಸ್ಕ್ ಬ್ರೇಕ್ ಪ್ಯಾಡನ್ನು ಮನೆಯಲ್ಲೇ ಬದಲಾಯಿಸಬಹುದೇ?

ಖಂಡಿತ ಬದಲಾಯಿಸಬಹುದು. ಮೋಟಾರು, ಬ್ಯಾಟರಿಯ ಭಾರದಿಂದಾಗಿ ಈ ಸೈಕಲ್‌ಗಳ ಪ್ಯಾಡ್ ಬೇಗ ಸವೆಯುತ್ತದೆ, ಹಾಗಾಗಿ ಕಲಿತಿರುವುದು ಒಳ್ಳೆಯದೇ. ಪ್ಯಾಡ್‌ನ ತಗಡಿನ ಮೇಲಿನ ಉಜ್ಜುವ ಪದರ 1 ಮಿ.ಮೀ.ಗೆ ಇಳಿದಿದ್ದರೆ ಇನ್ನು ಕಾಯಬೇಡಿ.

ಮೊದಲು ಪವರ್ ಆಫ್ ಮಾಡಿ, ಬ್ಯಾಟರಿ ತೆಗೆದಿಟ್ಟು ಚಕ್ರ ಬಿಚ್ಚಿ. ಚಕ್ರ ಹೊರಗಿರುವಾಗ ಬ್ರೇಕ್ ಲಿವರ್ ಮುಟ್ಟಲೇಬೇಡಿ. ಹೈಡ್ರಾಲಿಕ್ ಬ್ರೇಕ್ (ದ್ರವದ ಒತ್ತಡದಿಂದ ಕೆಲಸ ಮಾಡುವುದು) ಆದರೆ, ಹಳೆಯ ಪ್ಯಾಡ್‌ಗಳು ಒಳಗಿರುವಾಗಲೇ ಅವುಗಳ ನಡುವೆ ಪ್ಲಾಸ್ಟಿಕ್ ಟೈರ್ ಲಿವರ್ (ಟೈರ್ ಬಿಚ್ಚುವ ಚಪ್ಪಟೆ ಸಾಧನ) ತೂರಿಸಿ, ಪ್ಯಾಡ್‌ಗಳನ್ನು ಒತ್ತುವ ಪಿಸ್ಟನ್‌ಗಳನ್ನು ನಿಧಾನವಾಗಿ ಹಿಂದಕ್ಕೆ ತಳ್ಳಿ. ಇದನ್ನು ಮರೆತರೆ ದಪ್ಪಗಿರುವ ಹೊಸ ಪ್ಯಾಡ್‌ಗಳ ನಡುವೆ ಡಿಸ್ಕ್ ಹೋಗುವುದೇ ಇಲ್ಲ; ಬಹಳ ಜನ ಒದ್ದಾಡುವುದು ಇಲ್ಲೇ. ಕೇಬಲ್ ಬ್ರೇಕ್ ಆದರೆ ಬಿಗಿತ ಹೊಂದಿಸುವ ಅಡ್ಜಸ್ಟರ್ ಸಡಿಲಿಸಿದರಾಯಿತು.

ಪ್ಯಾಡ್ ಹಿಡಿದಿಟ್ಟಿರುವ ಪಿನ್ ಬಿಚ್ಚಿ ಹಳೆಯ ಪ್ಯಾಡ್ ಎಳೆಯುವ ಮುಂಚೆ ಸ್ಪ್ರಿಂಗ್ ಹೇಗೆ ಕೂತಿದೆ ಎಂದು ಒಂದು ಫೋಟೊ ತೆಗೆದುಕೊಳ್ಳಿ. ಹೊಸದನ್ನು ಅಂಚಿನಲ್ಲಷ್ಟೇ ಹಿಡಿಯಿರಿ. ಬೆರಳಿನ ಜಿಡ್ಡು, ಚೈನ್ ಎಣ್ಣೆ ತಾಗಿದರೆ ಪ್ಯಾಡ್ ಕಿರುಗುಟ್ಟುತ್ತದೆ, ಹಿಡಿತವೂ ಹೋಗುತ್ತದೆ. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಅದರ ಮೇಲೆ 'ರೆಸಿನ್ ಓನ್ಲಿ' (ರೆಸಿನ್ ಪ್ಯಾಡ್ ಮಾತ್ರ) ಎಂದು ಬರೆದಿದ್ದರೆ ಮೆಟಲ್ ಪ್ಯಾಡ್ ಹಾಕಬೇಡಿ.

ಚಕ್ರ ಕೂರಿಸಿದ ಮೇಲೆ ಲಿವರ್ ಗಟ್ಟಿಯಾಗುವವರೆಗೂ ಹಲವು ಸಲ ಒತ್ತಿ, ಇದಾಗದೆ ಹತ್ತಲೇಬೇಡಿ. ಹೊಸ ಪ್ಯಾಡ್ ಮೊದಲು ಸರಿಯಾಗಿ ಹಿಡಿಯುವುದಿಲ್ಲ, ಹೆದರಬೇಡಿ. ವಾಹನಗಳಿಲ್ಲದ ಸಮತಟ್ಟು ಜಾಗದಲ್ಲಿ ಗಂಟೆಗೆ ಸುಮಾರು 20 ಕಿ.ಮೀ. ವೇಗದಿಂದ ನಡಿಗೆಯ ವೇಗಕ್ಕೆ ಇಳಿಸುತ್ತಾ 15-20 ಸಲ ಬ್ರೇಕ್ ಹಾಕಿ. ಪೂರ್ತಿ ನಿಲ್ಲಿಸಬೇಡಿ. ಹಿಡಿತ ಬಿಗಿಯಾಗುತ್ತಾ ಬರುವುದು ಕೈಗೇ ಗೊತ್ತಾಗುತ್ತದೆ.