ಅಕ್ರಿಲಿಕ್ ಮತ್ತು ಎಲ್‌ಇಡಿ ಬಳಸಿ ಕಂಪ್ಯೂಟರ್ ಕೇಸನ್ನು ನಾವೇ ಅಲಂಕರಿಸುವುದು ಹೇಗೆ?

ಮೊದಲ ಸಲವೇ ಇಡೀ ಕೇಸನ್ನು ಅಕ್ರಿಲಿಕ್‌ನಲ್ಲಿ, ಅಂದರೆ ಗಾಜಿನಂತೆ ತಿಳಿಯಾದ ಪ್ಲಾಸ್ಟಿಕ್‌ನಲ್ಲಿ, ಕಟ್ಟಲು ಹೋಗಬೇಡಿ. ಇರುವ ಕೇಸಿನ ಪಕ್ಕದ ತಗಡು ತೆಗೆದು, ಆ ಜಾಗಕ್ಕೆ 4 ಅಥವಾ 5 ಮಿ.ಮೀ. ದಪ್ಪದ ಶೀಟ್ ಕೂರಿಸಿ. 2 ಮಿ.ಮೀ. ಶೀಟ್ ಬಾಗುತ್ತದೆ. ಹಳೆಯ ತಗಡಿನಲ್ಲಿ ಗಾಳಿ ತೂತುಗಳಿದ್ದರೆ ಈ ಶೀಟಿನಲ್ಲೂ ಕೊರೆಸಿ.

ಕತ್ತರಿಸುವ ಕೆಲಸವನ್ನು ಲೇಸರ್ ಕಟಿಂಗ್ ಮಾಡುವವರಿಗೇ ಕೊಡಿ. ನೇಮ್ ಬೋರ್ಡ್ ಅಂಗಡಿಗಳಲ್ಲಿ ವಿಚಾರಿಸಿದರೆ ಸಿಗುತ್ತಾರೆ. ನಿಮಗೆ ಇಷ್ಟವಾದ ಚಿತ್ರವನ್ನೂ ಅಲ್ಲೇ ಕೆತ್ತಿಸಿ. ನನಗೆ ತುಂಬಾ ಇಷ್ಟವಾಗುವುದು ಇದೇ ಭಾಗ. ಶೀಟಿನ ಅಂಚಿಗೆ ಎಲ್‌ಇಡಿ ಪಟ್ಟಿ ಅಂಟಿಸಿದರೆ ಬೆಳಕು ಶೀಟಿನ ಒಳಗೊಳಗೇ ಪುಟಿಯುತ್ತಾ ಸಾಗುತ್ತದೆ. ಕೆತ್ತಿದ ಗೆರೆ ಸಿಕ್ಕಲ್ಲಿ ಹೊರಗೆ ಚೆಲ್ಲುತ್ತದೆ. ಉಳಿದದ್ದೆಲ್ಲ ಗಾಜಿನಂತೆ ತಿಳಿಯಾಗಿದ್ದು, ಚಿತ್ರ ಮಾತ್ರ ಹೊಳೆಯುತ್ತದೆ.

ವೈರಿಂಗ್‌ನಲ್ಲಿ ಜೋಪಾನ. ಮದರ್‌ಬೋರ್ಡಿನಲ್ಲಿ ಲೈಟಿಗೆಂದು ಇರುವ 3 ಪಿನ್ ಕನೆಕ್ಟರ್ ಸಾಮಾನ್ಯವಾಗಿ 5 ವೋಲ್ಟಿನದು, 4 ಪಿನ್ನಿನದು 12 ವೋಲ್ಟಿನದು. 5 ವೋಲ್ಟಿನ ಪಟ್ಟಿಗೆ 12 ವೋಲ್ಟ್ ಕೊಟ್ಟರೆ ಸುಟ್ಟೇ ಹೋಗುತ್ತದೆ.

ಶೀಟ್ ಒರೆಸಲು ಸ್ಪಿರಿಟ್, ಥಿನ್ನರ್ ಬೇಡವೇ ಬೇಡ. ಅವು ತಾಗಿದರೆ ಲೇಸರ್ ಕತ್ತರಿಸಿದ ಅಂಚಿನಲ್ಲಿ ಕೂದಲೆಳೆಯಂಥ ಬಿರುಕುಗಳು ಬಿಡುತ್ತವೆ. ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆ ಸಾಕು.