‘ರಾತ್ರಿಗೆ ಏನು ಮಾಡಲಿ?’ ಎಂಬ ಪ್ರಶ್ನೆ ಯಾರದ್ದು: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಕುಟುಂಬದವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಉದ್ಯೋಗ, ವಯಸ್ಸು ಮೊದಲಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅಡುಗೆಯ ವಿವರಗಳನ್ನು ಮಾತ್ರ ಇದ್ದಂತೆಯೇ ಉಳಿಸಿದ್ದೇನೆ, ಏಕೆಂದರೆ ತೊಡಕು ಇದ್ದದ್ದೂ ಅಲ್ಲಿಯೇ, ಅದು ಬಿಚ್ಚಿಕೊಂಡದ್ದೂ ಅಲ್ಲಿಯೇ.

ತುಮಕೂರಿನ ಈ ಮಹಿಳೆಗೆ 38 ವರ್ಷ. ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಪತಿ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವರು. ಸುಮಾರು 70 ಕಿಲೋಮೀಟರ್ ದೂರದ ಆ ಓಡಾಟದಲ್ಲಿ ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟರೆ ತಿರುಗಿ ಹೊಸಿಲು ತುಳಿಯುವುದು ರಾತ್ರಿ ಎಂಟರ ಮೇಲೆ. ಮನೆಯಲ್ಲಿ ಎಂಟನೆಯ ತರಗತಿಯ ಮಗಳು, ಮೂರನೆಯ ತರಗತಿಯ ಮಗ, ಸಕ್ಕರೆ ಕಾಯಿಲೆ ಇರುವ 68 ವರ್ಷದ ಅತ್ತೆ. ಆಕೆ ನನ್ನಲ್ಲಿಗೆ ಬಂದದ್ದು ಸಿಟ್ಟಿನ ದೂರಿನೊಂದಿಗೆ. “ಸೌಟನ್ನು ಗೋಡೆಗೆ ಎಸೆದುಬಿಟ್ಟೆ ಮೇಡಂ. ‘ಇವತ್ತೂ ಇದೇನಾ’ ಅಂತ ಮಗಳು ಕೇಳಿದ್ದಷ್ಟೇ. ಎರಡು ದಿನ ಅವಳು ನನ್ನ ಹತ್ತಿರ ಮಾತಾಡಲಿಲ್ಲ” ಎಂದು ಹೇಳುವಾಗ ಆಕೆಯ ಕಣ್ಣು ತುಂಬಿತ್ತು.

ಇಂಥ ದೂರು ಬಂದಾಗ ನಿದ್ರೆ, ಹಸಿವು, ಆಸಕ್ತಿ, ಬದುಕಿನ ಬಗ್ಗೆ ಬರುವ ಯೋಚನೆಗಳು ಇವನ್ನೆಲ್ಲ ಮೊದಲು ವಿಚಾರಿಸುವುದು ನನ್ನ ಪದ್ಧತಿ. ಖಿನ್ನತೆಯ ಲಕ್ಷಣಗಳು ಕಾಣಲಿಲ್ಲ. ರಕ್ತಹೀನತೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಂಡು ಬರಲು ಹೇಳಿದೆ. ಎರಡರಲ್ಲಿಯೂ ಏನೂ ದೋಷವಿರಲಿಲ್ಲ. ಉಳಿದದ್ದು ಒಂದು ಸಣ್ಣ ಸುಳಿವು: ಆಕೆಯ ಸಿಟ್ಟಿಗೆ ಹೊತ್ತು ಗೊತ್ತಿತ್ತು. ಸಂಜೆ ಆರೂಮುಕ್ಕಾಲಿಗೆ ಕಚೇರಿಯಿಂದ ಬಂದು ಕೈಕಾಲು ತೊಳೆದ ಮೇಲಿನ ಒಂದೂವರೆ ಗಂಟೆಯಲ್ಲಿ ಅದು ಬರುತ್ತಿತ್ತು. ಬೆಳಗಿನ ಗಡಿಬಿಡಿಯಲ್ಲಿ, ನಾಲ್ಕು ಡಬ್ಬಿ ತುಂಬುವಾಗಲೂ ಅದು ಬರುತ್ತಿರಲಿಲ್ಲ. ಕಾರಣ ಕೇಳಿದಾಗ ಆಕೆ ಕೊಟ್ಟ ಉತ್ತರ ಮುಂದೆ ನನಗೆ ಬಹಳ ಉಪಯೋಗಕ್ಕೆ ಬಂತು: “ಬೆಳಿಗ್ಗೆ ಏನು ಮಾಡಬೇಕು ಅಂತ ರಾತ್ರಿಯೇ ಗೊತ್ತಿರುತ್ತೆ ಮೇಡಂ. ರಾತ್ರಿಗೆ ಏನು ಮಾಡಬೇಕು ಅಂತ ರಾತ್ರಿಯೂ ಗೊತ್ತಿರಲ್ಲ.”

ನಾಲ್ಕು ವಾರ ಒಂದು ಚೀಟಿ ಬರೆದಿಡಲು ಹೇಳಿದೆ. ದಿನಚರಿ, ಭಾವನೆ ಇವೇನೂ ಬೇಡ. ರಾತ್ರಿ ಏನು ಉಂಡಿರಿ, ಎಷ್ಟು ಹೊತ್ತಿಗೆ ಉಂಡಿರಿ, ಎಷ್ಟು ಖರ್ಚಾಯಿತು ಎಂಬ ಮೂರೇ ಕಲಮುಗಳು. ಲೆಕ್ಕಪತ್ರದ ಕೆಲಸದವರಾದ್ದರಿಂದ ಚೀಟಿ ನನ್ನ ನಿರೀಕ್ಷೆಗಿಂತ ಅಚ್ಚುಕಟ್ಟಾಗಿತ್ತು. 28 ರಾತ್ರಿಗಳಲ್ಲಿ 14 ರಾತ್ರಿ ಊಟವನ್ನು ಮೊಬೈಲಿನಲ್ಲಿ ತರಿಸಿದ್ದರು. ಒಟ್ಟು 6,230 ರೂಪಾಯಿ, ಅಂದರೆ ಸರಾಸರಿ 445 ರೂಪಾಯಿ. ಅತ್ತೆಯವರು ಆ ಊಟ ಮುಟ್ಟದೆ ಮಧ್ಯಾಹ್ನದ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಉಂಡ ರಾತ್ರಿಗಳು ಒಂಬತ್ತು. ಚೀಟಿಯ ಅಂಚಿನಲ್ಲಿ ನಾನು ಕೇಳದೆಯೇ ಆಕೆ ಬರೆದ ಇನ್ನೊಂದು ಸಾಲಿತ್ತು: ‘ಕೊಳೆತು ಎಸೆದದ್ದು: ಮೆಂತ್ಯ 3 ಕಟ್ಟು, ಹೀರೆಕಾಯಿ ಮುಕ್ಕಾಲು ಕೆಜಿ, ಕೊತ್ತಂಬರಿ ಲೆಕ್ಕವಿಲ್ಲ.’

ಮನೆಸಾಲದ ಕಂತು ಕಟ್ಟುವ ಸಂಸಾರಕ್ಕೆ ಇದು ಸಣ್ಣ ಮೊತ್ತವಲ್ಲ. ಗಂಡಹೆಂಡಿರ ಜಗಳ ನಡೆಯುತ್ತಿದ್ದದ್ದೂ ದುಡ್ಡಿನ ಹೆಸರಿನಲ್ಲಿಯೇ. ಆದರೂ ಹಣದ ಮಾತನ್ನು ನಾನು ಮುಂದಿಡಲಿಲ್ಲ, ಏಕೆಂದರೆ ‘ಹೊರಗಿನಿಂದ ತರಿಸುವುದನ್ನು ನಿಲ್ಲಿಸಿ’ ಎಂದು ಹೇಳಿದ್ದರೆ ಆಕೆಯ ಹೆಗಲ ಮೇಲೆ ಇನ್ನೊಂದು ತಪ್ಪಿತಸ್ಥ ಭಾವ ಕೂರುತ್ತಿತ್ತು, ಅಷ್ಟೇ. ಈ ತಪ್ಪನ್ನು ನಾನು ಹಿಂದೊಮ್ಮೆ ಮಾಡಿದ್ದೇನೆ. ಇಂಥದ್ದೇ ಸಂಸಾರವೊಂದಕ್ಕೆ ಏಳು ದಿನದ ಸುಂದರವಾದ ಊಟದ ಪಟ್ಟಿಯನ್ನು ಬರೆದುಕೊಟ್ಟಿದ್ದೆ. ಮೂರು ವಾರದ ನಂತರ ಆ ಮನೆಯ ಗೃಹಿಣಿ ಬಂದು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಆ ಪಟ್ಟಿ ದಿನವೂ ತನ್ನನ್ನು ಅಣಕಿಸುತ್ತದೆ ಎಂದು ಅತ್ತಿದ್ದರು.

ಎರಡನೆಯ ಭೇಟಿಗೆ ಪತಿಯನ್ನೂ ಅತ್ತೆಯವರನ್ನೂ ಕರೆಸಿದೆ. ಪತಿ ಒಳ್ಳೆಯ ಮನುಷ್ಯರು. ಊಟದ ವಿಷಯದಲ್ಲಿ ತಾನು ಎಂದೂ ಹೆಂಡತಿಯನ್ನು ಕಾಡಿಲ್ಲವೆಂಬ ಹೆಮ್ಮೆ ಅವರಿಗೆ. “ಏನಾದರೂ ಮಾಡು, ನಾನು ತಿನ್ನುತ್ತೇನೆ ಅಂತಲೇ ಹೇಳೋದು ಮೇಡಂ” ಎಂದರು. ಈ ‘ಏನಾದರೂ’ ಎಂಬ ಮಾತು ಕೇಳಲು ಬಹಳ ಉದಾರವಾಗಿದೆ. ಆದರೆ ಮನೆಯಲ್ಲಿ ಯಾವ ಕಾಳಿದೆ, ಯಾವ ಸೊಪ್ಪು ಬಾಡುತ್ತಿದೆ, ನೆನ್ನೆ ಏನಾಗಿತ್ತು, ಅತ್ತೆಗೆ ಯಾವುದು ಆಗದು, ಮಗ ಯಾವುದನ್ನು ತಟ್ಟೆಯ ಅಂಚಿಗೆ ಸರಿಸುತ್ತಾನೆ, ನಾಳೆಯ ಡಬ್ಬಿಗೆ ಏನು ಮಿಗಬೇಕು ಎಂಬ ಅಷ್ಟನ್ನೂ ಒಬ್ಬರೇ, ಹಸಿದು ದಣಿದ ಹೊತ್ತಿನಲ್ಲಿ, ನಿಂತ ಕಾಲಿನಲ್ಲಿ ಯೋಚಿಸಬೇಕೆಂಬುದೇ ಅದರ ಅರ್ಥ. ಒಲೆಯ ಮುಂದಿನ ಕೆಲಸ ನಲವತ್ತು ನಿಮಿಷದ್ದು. ಆಕೆಯನ್ನು ಬಳಲಿಸುತ್ತಿದ್ದದ್ದು ಅದಕ್ಕೆ ಮೊದಲಿನ ಈ ಲೆಕ್ಕಾಚಾರ. ಪತಿಗೆ ಇದನ್ನು ವಿವರಿಸಿದಾಗ ಅವರು ವಾದಿಸಲಿಲ್ಲ, ಸುಮ್ಮನೆ ಚೀಟಿಯನ್ನು ಇನ್ನೊಮ್ಮೆ ಓದಿದರು.

ನಾನು ಊಹಿಸದೆ ಇದ್ದ ಮಾತು ಬಂದದ್ದು ಅತ್ತೆಯವರಿಂದ. ಅವರಿಗೆ ಸಕ್ಕರೆ ಕಾಯಿಲೆ ಎಂದು ತಿಳಿದ ಮೇಲೆ, ನಾಲ್ಕು ವರ್ಷಗಳಿಂದ, ಸೊಸೆ ಅವರನ್ನು ಒಲೆಯ ಹತ್ತಿರ ಬಿಟ್ಟಿರಲಿಲ್ಲ. “ನೀವು ಕೂತ್ಕೊಳ್ಳಿ ಅತ್ತೆ, ನಾನು ಮಾಡ್ತೀನಿ” ಎಂಬುದು ಆಕೆಯ ದೃಷ್ಟಿಯಲ್ಲಿ ಮರ್ಯಾದೆ. ಅತ್ತೆಯವರು ಅದನ್ನು ಕೇಳಿಸಿಕೊಂಡದ್ದೇ ಬೇರೆ ಬಗೆಯಲ್ಲಿ. “ನನ್ನ ಕೈ ಅಡುಗೆ ಬೇಡ ಅಂತ ಅನ್ನಿಸಿರಬೇಕು ಅಂದ್ಕೊಂಡೆ. ಬಸ್ಸಾರು ಮಾಡಿ ಎಷ್ಟು ವರ್ಷ ಆಯ್ತೋ” ಎಂದರು. ಸೊಸೆ ತಿರುಗಿ ಅವರ ಮುಖ ನೋಡಿದರು. ಆ ಭೇಟಿಯ ಉಳಿದ ಹೊತ್ತು ಬಸ್ಸಾರಿನ ಚರ್ಚೆಯಲ್ಲಿಯೇ ಕಳೆಯಿತು. ಅದನ್ನು ತಡೆಯಬಾರದೆಂದು ನನಗೂ ತಿಳಿದಿತ್ತು.

ನಾನು ಕೊಟ್ಟ ಸಲಹೆ ಹೀಗಿತ್ತು. ‘ರಾತ್ರಿಗೆ ಏನು’ ಎಂಬ ನಿರ್ಧಾರ ಸಂಜೆಯ ಹೊತ್ತಿನಲ್ಲಿ ಆಗಕೂಡದು, ಮತ್ತು ಅದನ್ನು ಆಕೆ ಒಬ್ಬರೇ ಮಾಡಕೂಡದು. ಭಾನುವಾರ ತಿಂಡಿಯಾದ ಮೇಲೆ ಪತಿ ಕಾಗದ ಹಿಡಿದು ಕೂರಬೇಕು. ಡಬ್ಬಿಗಳನ್ನು ತೆರೆದು ನೋಡಿ, ಎಲ್ಲರನ್ನೂ ಕೇಳಿ ಬರೆದು, ಅದರಂತೆ ತರಕಾರಿಯನ್ನೂ ಅವರೇ ತರಬೇಕು. ಏಳು ದಿನಕ್ಕೆ ಬರೆಯುವುದು ಬೇಡ, ನಾಲ್ಕು ದಿನಕ್ಕೆ ಸಾಕು. ಉಳಿದ ಮೂರು ರಾತ್ರಿಗಳಲ್ಲಿ ಒಂದು ಮಿಕ್ಕಿದ್ದನ್ನು ಮುಗಿಸುವುದಕ್ಕೆ, ಒಂದು ಹೊರಗಿನಿಂದ ತರಿಸುವುದಕ್ಕೆ, ಇನ್ನೊಂದು ಬರೀ ಮೊಸರನ್ನ ಉಪ್ಪಿನಕಾಯಿಗೆ. ಹೊರಗಿನ ಊಟಕ್ಕೂ ವಾರದಲ್ಲಿ ಒಂದು ದಿನವನ್ನು ಗೊತ್ತು ಮಾಡಿದರೆ ಅದು ಸೋಲಿನಂತೆ ಕಾಣದು. ಮಕ್ಕಳು ಅದಕ್ಕೆ ಕಾದು ಕೂರುತ್ತಾರೆ.

ನಾಲ್ಕು ದಿನದ ಅಡುಗೆಗೆ ಆಧಾರವಾಗಿ, ಒಂದು ಸಲ ಬೇಯಿಸಿದ್ದು ಎರಡು ಕಡೆ ಒದಗಬೇಕೆಂಬ ನಿಯಮವನ್ನು ಇಟ್ಟುಕೊಂಡೆವು. ಹಳೆ ಮೈಸೂರು ಕಡೆಯ ಅಡುಗೆಗೆ ಇದನ್ನು ಯಾರೂ ಹೊರಗಿನಿಂದ ಕಲಿಸಬೇಕಾಗಿಲ್ಲ. ಬಸ್ಸಾರಿನಲ್ಲಿ ದಂಟಿನ ಸೊಪ್ಪನ್ನೂ ಹೆಸರುಕಾಳು ಅಥವಾ ಹುರುಳಿಕಾಳನ್ನೂ ಬೇಯಿಸಿ ಬಸಿದರೆ, ಬಸಿದ ನೀರಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ತೆಂಗಿನಕಾಯಿ, ಹುಣಸೆಹಣ್ಣು ರುಬ್ಬಿ ಸೇರಿಸಿ, ಸಾರಿನ ಪುಡಿ ಹಾಕಿ ಕುದಿಸಿದರೆ ಸಾರು. ಜಾಲರಿಯಲ್ಲಿ ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಬೇಯುವಿಕೆ, ಎರಡು ಪದಾರ್ಥ, ಜೊತೆಗೆ ಮುದ್ದೆ. ಉಪ್ಪುಸಾರಿನಲ್ಲಾದರೆ ಖಾರವನ್ನು ಬೇರೆಯಾಗಿ ರುಬ್ಬಿಡುವುದರಿಂದ ಎಂಟು ವರ್ಷದ ಮಗನಿಗೂ 68ರ ಅಜ್ಜಿಗೂ ಅಪ್ಪನಿಗೂ ಒಂದೇ ಪಾತ್ರೆ ಸಾಕು. ಬೇಕಾದಷ್ಟು ಖಾರವನ್ನು ಅವರವರೇ ಕಲಸಿಕೊಳ್ಳುತ್ತಾರೆ.

ಸೋಮವಾರ ಕುಕ್ಕರಿನಲ್ಲಿ ಒಂದೂವರೆ ಲೋಟ ತೊಗರಿಬೇಳೆ ಬೇಯಿಸಿ, ಅರ್ಧಕ್ಕೆ ತರಕಾರಿ ಹಾಕಿ ಹುಳಿ ಮಾಡಿ, ಇನ್ನರ್ಧವನ್ನು ಉಪ್ಪು ಹುಳಿ ಏನೂ ಸೇರಿಸದೆ ಆರಿಸಿ ಫ್ರಿಜ್ಜಿನಲ್ಲಿ ಇಡುವುದು. ಮರುದಿನ ಅದಕ್ಕೆ ಟೊಮೆಟೊ, ಸಾರಿನ ಪುಡಿ ಬಿದ್ದರೆ ಹದಿನೈದು ನಿಮಿಷದಲ್ಲಿ ತಿಳಿಸಾರು. ಬುಧವಾರ ಮೊಟ್ಟೆಸಾರು, ಏಕೆಂದರೆ ಸೋಮವಾರ ಮತ್ತು ಶನಿವಾರ ಅತ್ತೆಯವರು ಮೊಟ್ಟೆ ಮುಟ್ಟುವುದಿಲ್ಲ. ಗುರುವಾರ ಬಸ್ಸಾರು. ಕಾಳನ್ನು ನೆನೆಹಾಕುವುದು ಬೆಳಿಗ್ಗೆ ಐದೂವರೆಗೇ ಏಳುವ ಅತ್ತೆಯವರ ಪಾಲು, ಸೊಪ್ಪು ಬಿಡಿಸುವುದೂ ಅವರದ್ದೇ, ಅದೂ ಟಿವಿಯ ಮುಂದೆ ಕೂತು. ಎರಡು ವಾರಕ್ಕೊಮ್ಮೆ ರುಬ್ಬುವ ದೋಸೆಹಿಟ್ಟನ್ನೂ ಲೆಕ್ಕಕ್ಕೆ ಸೇರಿಸಿದೆವು: ಮೊದಲ ದಿನ ಇಡ್ಲಿ, ಮರುದಿನ ದೋಸೆ, ಹುಳಿ ಏರಿದ ಮೇಲೆ ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿ ಹಾಕಿ ಪಡ್ಡು.

ಎರಡು ವಿಷಯದಲ್ಲಿ ನಾನು ಕಟ್ಟುನಿಟ್ಟಾಗಿ ಮಾತನಾಡಿದೆ. ಮಿಕ್ಕ ಅನ್ನವನ್ನು ರಾತ್ರಿಯಿಡೀ ಒಲೆಯ ಪಕ್ಕದಲ್ಲಿ ಬಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡುವ ರೂಢಿ ಈ ಮನೆಯಲ್ಲಿತ್ತು. ಹೊರಗೆ ಬಿಟ್ಟ ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಉಂಟುಮಾಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲವಾದ್ದರಿಂದ, ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಆರಿಸಿ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಇಡಬೇಕೆಂದು ಹೇಳಿದೆ. ಇನ್ನೊಂದು, ಮುದ್ದೆ ಎಷ್ಟು ಉಂಡರೂ ಸಕ್ಕರೆ ಏರದು ಎಂಬ ಅತ್ತೆಯವರ ನಂಬಿಕೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದೂ, ನಾರು ಚೆನ್ನಾಗಿರುವುದೂ ನಿಜ. ಆದರೆ ರಾಗಿಯ ಬಹುಪಾಲು ಪಿಷ್ಟವೇ. ಮುದ್ದೆಯ ಗಾತ್ರವನ್ನು ಅವರ ವೈದ್ಯರು ಹೇಳಲಿ, ಅಲ್ಲಿಯವರೆಗೆ ಮುದ್ದೆ ಚಿಕ್ಕದಿರಲಿ, ಪಲ್ಯ ದೊಡ್ಡದಿರಲಿ ಎಂದು ಹೇಳಿದೆ. ಆಹಾರತಜ್ಞರ ಕೆಲಸವನ್ನು ಆಪ್ತಸಮಾಲೋಚಕರು ಮಾಡಹೋಗಬಾರದು.

ಮೊದಲ ಎರಡು ವಾರ ಎಲ್ಲವೂ ಸರಾಗವಾಗಿ ನಡೆದು, ಮೂರನೆಯ ವಾರ ಕೈಕೊಟ್ಟಿತು. ಪತಿ ಅಗ್ಗವೆಂದು ಐದು ಕೆಜಿ ಬದನೆಕಾಯಿ ತಂದಿದ್ದರು. ಬುಧವಾರ ರೈಲು ತಡವಾಗಿ, ಗುರುವಾರ ಆಕೆಗೆ ಕಚೇರಿಯಲ್ಲಿ ಲೆಕ್ಕಪರಿಶೋಧನೆ ಬಂದು, ಸತತ ಮೂರು ರಾತ್ರಿ ಊಟ ಹೊರಗಿನಿಂದ ಬಂತು. ಆಕೆ ನನಗೆ ಫೋನು ಮಾಡಿ, ಯೋಜನೆ ಮುರಿದುಬಿತ್ತು ಎಂದರು. ಭಾನುವಾರ ಬರೆದ ಕಾಗದವನ್ನು ಹರಿದುಹಾಕಿ ಮುಂದಿನ ಭಾನುವಾರ ಹೊಸತು ಬರೆಯಿರಿ, ಹಳೆಯ ಬಾಕಿಯನ್ನು ಮುಂದಕ್ಕೆ ತರಬೇಡಿ ಎಂದೆ. ಲೆಕ್ಕಪತ್ರದವರಿಗೆ ಇದು ಒಪ್ಪಿಗೆಯಾಗಲು ತುಸು ಹೊತ್ತು ಹಿಡಿಯಿತು. ಇಂಥ ವಾರಗಳಿಗೆಂದೇ ಅಕ್ಕಿ, ಹೆಸರುಬೇಳೆ, ಮೆಣಸು, ಜೀರಿಗೆ ಅಳೆದು ಕಟ್ಟಿಟ್ಟ ಪೊಂಗಲಿನ ಒಂದು ಪೊಟ್ಟಣವನ್ನು ಸದಾ ಮನೆಯಲ್ಲಿಟ್ಟಿರಲು ಸೂಚಿಸಿದೆ. ತೊಳೆದು ಕುಕ್ಕರಿಗೆ ಹಾಕಲು ಎಂಟನೆಯ ತರಗತಿಯ ಹುಡುಗಿಗೆ ಬರುತ್ತದೆ, ಅವಳು ಅದನ್ನು ಮಾಡಿಯೂ ತೋರಿಸಿದಳು.

ಮೂರನೆಯ ತಿಂಗಳ ಚೀಟಿಯಲ್ಲಿ ಹೊರಗಿನ ಊಟ ನಾಲ್ಕು ರಾತ್ರಿ, 1,900 ರೂಪಾಯಿ. ಕಾಳು, ಸೊಪ್ಪು, ಮೊಟ್ಟೆಯ ಖರ್ಚು ಮೊದಲಿಗಿಂತ 1,100 ರೂಪಾಯಿ ಏರಿತ್ತು. ಅದನ್ನು ಕಳೆದರೂ ತಿಂಗಳಿಗೆ 3,230 ರೂಪಾಯಿ ಉಳಿದಿತ್ತು. ಸಿಟ್ಟು ಪೂರ್ತಿ ಹೋಗಿದೆಯೆಂದು ಆಕೆ ಹೇಳಲಿಲ್ಲ; ಸಂಜೆ ಬಂದು ಹತ್ತು ನಿಮಿಷ ಕಾಫಿ ಹಿಡಿದು ಕೂರಲು ಆಗುತ್ತಿದೆ ಎಂದರು. ಅತ್ತೆಸೊಸೆಯರ ನಡುವೆ ಈಗ ಬೇರೆ ತಕರಾರುಗಳಿವೆ: ಸಾರಿಗೆ ಕಾಯಿ ಜಾಸ್ತಿಯಾಯಿತು, ಒಗ್ಗರಣೆಗೆ ಎಣ್ಣೆ ಜಾಸ್ತಿಯಾಯಿತು ಎಂಬಂಥವು. ಇವು ಅಡುಗೆಮನೆಯಲ್ಲಿ ಇಬ್ಬರು ನಿಂತಾಗ ಹುಟ್ಟುವ ತಕರಾರುಗಳಾದ್ದರಿಂದ ನಾನು ಅವುಗಳಿಗೆ ಮದ್ದು ಹುಡುಕಲಿಲ್ಲ.

ಕೊನೆಯ ಭೇಟಿಯ ಹೊತ್ತಿಗೆ ಅವರೆಕಾಯಿಯ ಕಾಲ ಬಂದಿತ್ತು. ಪತಿ ಭಾನುವಾರದ ಕಾಗದದಲ್ಲಿ ಹಿತಕಿದ ಬೇಳೆ ಸಾರು ಎಂದು ಬರೆದಿದ್ದರಂತೆ. ಎರಡು ಕೆಜಿ ಅವರೆಕಾಯಿ ಬಿಡಿಸಿ, ಕಾಳು ನೆನೆಸಿ, ಒಂದೊಂದನ್ನೂ ಹಿತಕಿ ಸಿಪ್ಪೆ ತೆಗೆಯುವ ಕೆಲಸ ಯಾರದ್ದೆಂದು ಆಕೆ ಕೇಳಿದಾಗ, ಅತ್ತೆಯವರು ಮೊರವನ್ನು ತಂದು ಮಗನ ಮುಂದೆ ಇಟ್ಟು, “ಬರೆದವನೇ ಹಿತಕಲಿ ಕಣಪ್ಪ” ಎಂದರಂತೆ.